ಎಚ್-4 ವೀಸಾದಲ್ಲಿ ಇದ್ದುಕೊಂಡು ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜಿಗೆ ಸೇರಿದ್ದು

ಈ ಮೇ ತಿಂಗಳ ಕೊನೆಗೆ ನನ್ನ ಮೊದಲ ಸೆಮಿಸ್ಟರ್ ಮುಗಿಯಿತು. ಎರಡೇ ವಿಷಯ, ಕೆಮಿಸ್ಟ್ರಿ ಮತ್ತು ಇಂಗ್ಲಿಷ್. ಆದರೆ ಆ ಎರಡು ಕ್ಲಾಸಿನಲ್ಲಿ ಹೋಗಿ ಕೂರುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ವರ್ಷ ಕಳೆದಿತ್ತು. ಗಂಡನ ಕೆಲಸದ ಮೇಲೆ ಅಮೆರಿಕಕ್ಕೆ ಬಂದು ಎಚ್-4 ಅನ್ನುವ ಅವಲಂಬಿತರ ವೀಸಾದಲ್ಲಿ ಮನೆಯಲ್ಲಿರುವ ಎಷ್ಟೋ ಹೆಣ್ಣುಮಕ್ಕಳು ಈಗ ನನ್ನನ್ನು ಕೇಳುತ್ತಾರೆ, "ಹೇಗೆ ಸೇರಿದ್ರಿ, ಏನೇನು ಕಾಗದ ಬೇಕು, ಎಷ್ಟು ಖರ್ಚು ಬರುತ್ತೆ" ಅಂತ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ನಡೆದದ್ದನ್ನೆಲ್ಲ ಒಂದೇ ಕಡೆ ಬರೆದಿಡೋಣ ಅನಿಸಿತು.

ನನ್ನ ಊರು ಅರಸೀಕೆರೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಕಾಮರ್ಸ್, ಆಮೇಲೆ ಬಿ.ಕಾಂ. ಮದುವೆಯಾಗಿ ಟೆಕ್ಸಾಸ್‌ಗೆ ಬಂದೆ. ನಮ್ಮ ಮನೆಯವರಿಗೆ ಕೆಲಸ ಬದಲಾಗಿ ಒಂದು ಅಕ್ಟೋಬರ್‌ನಲ್ಲಿ ಫ್ರೀಮಾಂಟ್‌ಗೆ ಬಂದೆವು. ನನಗೆ ಬೇಕಿದ್ದದ್ದು ನರ್ಸಿಂಗ್. ಅಪ್ಪ ಹಾಸಿಗೆ ಹಿಡಿದ ಎರಡು ವರ್ಷ ಅವರಿಗೆ ಡ್ರೆಸಿಂಗ್ ಮಾಡಿದ್ದು, ಇನ್ಸುಲಿನ್ ಕೊಟ್ಟಿದ್ದು, ರಾತ್ರಿ ಎದ್ದು ಜ್ವರ ನೋಡಿದ್ದು ನಾನೇ. ಆ ಕೆಲಸ ನನಗೆ ಒಗ್ಗುತ್ತದೆ ಅಂತ ಆಗಲೇ ಗೊತ್ತಿತ್ತು. ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಆ ಆಸೆ ಮತ್ತೆ ತಲೆ ಎತ್ತಿತು.

ಕಮ್ಯೂನಿಟಿ ಕಾಲೇಜು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಎರಡು ವರ್ಷದ ಸರ್ಕಾರಿ ಕಾಲೇಜು. ಅಸೋಸಿಯೇಟ್ ಡಿಗ್ರಿ ಅಥವಾ ಸರ್ಟಿಫಿಕೇಟ್ ಕೊಡುತ್ತದೆ. ಇಲ್ಲಿ ಎರಡು ವರ್ಷ ಓದಿ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಹೋಗುವವರೂ ತುಂಬ ಜನ. ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಕಾಲೇಜುಗಳಿವೆ. ಬೇ ಏರಿಯಾದಲ್ಲೇ ಫ್ರೀಮಾಂಟ್‌ನ ಓಲೋನಿ, ಹೇವರ್ಡ್‌ನ ಶಾಬೋ, ಕುಪರ್ಟಿನೋದ ಡಿ ಆಂಜಾ, ಸಾಂಟಾ ಕ್ಲಾರಾದ ಮಿಷನ್, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್, ಸ್ಯಾನ್ ಹೋಸೆಯ ಎವರ್‌ಗ್ರೀನ್ ವ್ಯಾಲಿ ಹೀಗೆ ಒಂದರ ಪಕ್ಕ ಒಂದು. 1960ರಲ್ಲಿ ಈ ರಾಜ್ಯ ಮಾಡಿಕೊಂಡ ಉನ್ನತ ಶಿಕ್ಷಣದ ಯೋಜನೆಯಲ್ಲೇ ಇವುಗಳ ಬಾಗಿಲು ಎಲ್ಲರಿಗೂ ತೆರೆದಿರಬೇಕು ಅಂತ ತೀರ್ಮಾನವಾಗಿದೆ. ಎಂಟ್ರೆನ್ಸ್ ಪರೀಕ್ಷೆ ಇಲ್ಲ, ಕಟ್ ಆಫ್ ಇಲ್ಲ, ಡೊನೇಷನ್ ಇಲ್ಲ. 18 ವರ್ಷ ತುಂಬಿದ್ದರೆ ಸಾಕು. ಸಿಇಟಿ ರ‍್ಯಾಂಕು, ಸೀಟು ಅಂತ ಕೇಳಿ ಬೆಳೆದ ನನಗೆ ಇದನ್ನು ನಂಬೋದೇ ಕಷ್ಟವಾಯಿತು.

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಇದನ್ನೇ ಕೇಳುವುದು. ಎಚ್-4ನಲ್ಲಿ ಇರುವವರು ಓದಬಹುದು. ವೀಸಾ ಬದಲಾಯಿಸಬೇಕಾಗಿಲ್ಲ. ಒಂದು ಕ್ಲಾಸ್ ತೆಗೆದುಕೊಂಡರೂ ಸರಿ, ಪೂರ್ತಿ ಓದಿದರೂ ಸರಿ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬಂದವರ ದಾರಿಯೇ ಬೇರೆ. ವೀಸಾಗೆ ಕಾಲೇಜು ಕೊಡುವ ಐ-20 ಪತ್ರ, ಬ್ಯಾಂಕಿನ ಪತ್ರ, ಪ್ರತಿ ಸೆಮಿಸ್ಟರ್‌ಗೆ ಕಡಿಮೆ ಅಂದರೂ 12 ಯೂನಿಟ್ (ಒಂದೊಂದು ಕ್ಲಾಸಿನ ಓದನ್ನು ಅಳೆಯುವ ಲೆಕ್ಕ) ಇವೆಲ್ಲ ಅವರಿಗೆ. ಎಚ್-4ನವರು ಕಾಲೇಜಿನ ಇಂಟರ್‌ನ್ಯಾಷನಲ್ ವಿಭಾಗದ ಫಾರ್ಮ್ ತುಂಬಬಾರದು, ಊರಿನವರೆಲ್ಲ ತುಂಬುವ ಮಾಮೂಲಿ ಅರ್ಜಿಯನ್ನೇ ತುಂಬಬೇಕು.

ಫೆಬ್ರವರಿಯಲ್ಲಿ ಕಾಲೇಜಿನ ಮಾಹಿತಿ ಸಭೆಗೆ ಹೋಗಿದ್ದೆ. ಆಗಸ್ಟ್‌ಗೆ ಸೇರಿಬಿಡೋಣ ಅಂತ ಉತ್ಸಾಹ. ಕೌನ್ಸೆಲರ್ ಮೊದಲು ಕೇಳಿದ ಪ್ರಶ್ನೆ, "ಕ್ಯಾಲಿಫೋರ್ನಿಯಾಕ್ಕೆ ಯಾವಾಗ ಬಂದ್ರಿ?" ಅಕ್ಟೋಬರ್ ಅಂದೆ. ಆಕೆ ಕ್ಯಾಲೆಂಡರ್ ನನ್ನ ಕಡೆ ತಿರುಗಿಸಿದರು. ಸೆಮಿಸ್ಟರ್ ಶುರುವಾಗುವ ಹಿಂದಿನ ದಿನಕ್ಕೆ ಲೆಕ್ಕ. ಆ ದಿನಕ್ಕೆ ನೀವು ಈ ರಾಜ್ಯದಲ್ಲಿ ಒಂದು ವರ್ಷ ಒಂದು ದಿನ ವಾಸ ಮಾಡಿರಬೇಕು, ಇಲ್ಲೇ ಇರುವ ಉದ್ದೇಶಕ್ಕೆ ದಾಖಲೆಯೂ ಇರಬೇಕು. ಆಗ ಮಾತ್ರ ರಾಜ್ಯದ ನಿವಾಸಿ. ನಿವಾಸಿಗೆ ಒಂದು ಯೂನಿಟ್‌ಗೆ 46 ಡಾಲರ್. ನಿವಾಸಿ ಅಲ್ಲದವರಿಗೆ ಅದರ ಮೇಲೆ ಯೂನಿಟ್‌ಗೆ 300 ಡಾಲರ್‌ಗೂ ಜಾಸ್ತಿ. ನಾನು ತೆಗೆದುಕೊಳ್ಳಬೇಕು ಅಂದುಕೊಂಡಿದ್ದು 8 ಯೂನಿಟ್. ನಿವಾಸಿಯಾದರೆ 368 ಡಾಲರ್, ಇಲ್ಲದಿದ್ದರೆ ಇನ್ನೂ 2400ಕ್ಕೂ ಮೇಲೆ. ಆಗಸ್ಟ್‌ಗೆ ನನಗೆ ವರ್ಷ ತುಂಬುತ್ತಿರಲಿಲ್ಲ. ಜನವರಿಯ ಸ್ಪ್ರಿಂಗ್ ಸೆಮಿಸ್ಟರ್‌ಗೆ ತುಂಬುತ್ತಿತ್ತು.

ಮನೆಗೆ ಬಂದು ಅತ್ತುಬಿಟ್ಟೆ. ಇಷ್ಟು ವರ್ಷ ಕಾದಿದ್ದೇನೆ, ಇನ್ನು ಆರು ತಿಂಗಳು ದೊಡ್ಡದಲ್ಲ. ಆದರೂ ಇನ್ನೇನು ಒಳಗೆ ಹೋಗುವ ಹೊತ್ತಿಗೆ ನಿಲ್ಲಿಸಿದರೆ ಹೊಟ್ಟೆಗೆ ಆಗುವ ಸಂಕಟವೇ ಬೇರೆ. ನಮ್ಮ ಮನೆಯವರು "ದುಡ್ಡು ಕೊಟ್ಟು ಈಗಲೇ ಸೇರು" ಅಂದರು. ನಾನೇ ಬೇಡ ಅಂದೆ. ಆ ದುಡ್ಡಿನಲ್ಲಿ ನರ್ಸಿಂಗ್‌ಗೆ ಮುಂಚಿನ ಅಷ್ಟೂ ವಿಷಯ ಓದಿ ಮುಗಿಸಬಹುದು.

ಕಾಯುವ ಆ ತಿಂಗಳುಗಳೇ ಆಮೇಲೆ ನನ್ನನ್ನು ಉಳಿಸಿದ್ದು. ನರ್ಸಿಂಗ್ ಪ್ರೋಗ್ರಾಮಿಗೆ ನೇರವಾಗಿ ಸೇರುವಂತಿಲ್ಲ. ಅದಕ್ಕೂ ಮುಂಚೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೂರನ್ನೂ ಲ್ಯಾಬ್ ಸಮೇತ ಮುಗಿಸಿರಬೇಕು. ಇಂಗ್ಲಿಷ್ ಪ್ರಬಂಧ ಬರವಣಿಗೆ ಬೇಕು, ನಮ್ಮ ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸೂ ಬೇಕು. ಫಿಸಿಯಾಲಜಿ, ಮೈಕ್ರೋಬಯಾಲಜಿಗೆ ಹೋಗಬೇಕಾದರೆ ಮೊದಲು ಕೆಮಿಸ್ಟ್ರಿ. ನಾನು ವಿಜ್ಞಾನ ಓದಿದ್ದು ಎಸ್ಸೆಸ್ಸೆಲ್ಸಿಯಲ್ಲಿ, ಅದೇ ಕೊನೆ.

ಇಂಗ್ಲಿಷ್‌ಗೆ ಅಡಲ್ಟ್ ಸ್ಕೂಲಿಗೆ ಹೋದೆ. ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ದೊಡ್ಡವರಿಗೆ ಅಂತ ನಡೆಸುವ ಶಾಲೆ ಅದು. ಇಂಗ್ಲಿಷ್ ಕ್ಲಾಸ್ ಪುಕ್ಕಟೆ. ಮಾತಾಡುವ ಇಂಗ್ಲಿಷ್ ನನಗೆ ಬರುತ್ತಿತ್ತು. ಬರೆಯುವ ಇಂಗ್ಲಿಷ್ ಬೇಕಿತ್ತು, ಮೇಲಿನ ಲೆವೆಲ್‌ಗೆ ಹಾಕಿದರು. ನನ್ನ ಪಕ್ಕ ಒಬ್ಬ ಆಫ್ಘನ್ ಅಜ್ಜಿ, ಮುಂದೆ ಒಬ್ಬ ವಿಯೆಟ್ನಾಮಿ ಹುಡುಗ. ಅಲ್ಲಿ ಕಲಿತದ್ದು ಮುಖ್ಯವಾಗಿ ಒಂದು: ನಿನ್ನ ಅಭಿಪ್ರಾಯ ಏನು ಅಂತ ಮೊದಲ ಪ್ಯಾರಾದಲ್ಲೇ ಒಂದು ವಾಕ್ಯದಲ್ಲಿ ಹೇಳು, ಆಮೇಲೆ ಅದಕ್ಕೆ ಆಧಾರ ಕೊಡು. ನಮ್ಮಲ್ಲಿ ಗೈಡ್ ಬಾಯಿಪಾಠ ಮಾಡಿ, ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಬರೆದು ರೂಢಿ. ನಿನ್ನ ಅಭಿಪ್ರಾಯವೇನು ಅಂತ ಯಾರೂ ಕೇಳಿರಲಿಲ್ಲ.

ಕೆಮಿಸ್ಟ್ರಿಗೆ ಓಪನ್‌ಸ್ಟ್ಯಾಕ್ಸ್ ಪುಸ್ತಕ ಹಿಡಿದೆ. ರೈಸ್ ಯೂನಿವರ್ಸಿಟಿಯವರು ಪುಕ್ಕಟೆಯಾಗಿ ಆನ್‌ಲೈನ್‌ನಲ್ಲಿ ಇಟ್ಟಿರುವ ಪಠ್ಯಪುಸ್ತಕಗಳವು. ಗಣಿತ ಮರೆತಿದ್ದಕ್ಕೆ ಖಾನ್ ಅಕಾಡೆಮಿ ವಿಡಿಯೋ. ಮಗಳು ಸ್ಕೂಲಿನಲ್ಲಿರುವ ಹೊತ್ತು ಲೈಬ್ರರಿಯಲ್ಲಿ ಕೂರುತ್ತಿದ್ದೆ.

ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಅಳತೆ ಬದಲಾಯಿಸುವ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯಿಂದ ಬಂದವರೆಲ್ಲ ಇಲ್ಲೇ ಮುಗ್ಗರಿಸುತ್ತಾರೆ. ರೋಗಿ 165 ಪೌಂಡ್ ತೂಕ, ಔಷಧ ಕೆಜಿಗೆ 15 ಮಿಲಿಗ್ರಾಂ, ಎಷ್ಟು ಕೊಡಬೇಕು? ನಾನು ಮನಸ್ಸಿನಲ್ಲೇ 2.2ರಿಂದ ಭಾಗಿಸಿ 75 ಕೆಜಿ, ಹದಿನೈದರಿಂದ ಗುಣಿಸಿ 1125 ಅಂತ ಬರೆದುಬಿಡುತ್ತಿದ್ದೆ. ಉತ್ತರ ಸರಿ. ಆದರೆ ಇಲ್ಲಿ ಅವರಿಗೆ ಬೇಕಾದ್ದು ದಾರಿ. 165 ಪೌಂಡ್ ಬರೆಯಬೇಕು. ಪಕ್ಕದಲ್ಲಿ ಗೆರೆ ಎಳೆದು ಮೇಲೆ 1 ಕೆಜಿ, ಕೆಳಗೆ 2.2 ಪೌಂಡ್ ಬರೆಯಬೇಕು. ಮೇಲಿನ ಪೌಂಡನ್ನೂ ಕೆಳಗಿನ ಪೌಂಡನ್ನೂ ಹೊಡೆದು ಹಾಕಬೇಕು. ಮತ್ತೆ ಇನ್ನೊಂದು ಗೆರೆ, ಮೇಲೆ 15 ಮಿಲಿಗ್ರಾಂ, ಕೆಳಗೆ 1 ಕೆಜಿ. ಕೆಜಿ ಹೊಡೆದು ಹೋಗಿ ಕೊನೆಗೆ ಮಿಲಿಗ್ರಾಂ ಮಾತ್ರ ಉಳಿಯಬೇಕು. ಮೊದಮೊದಲು ಸುಮ್ನೆ ಕಾಲಹರಣ ಅನಿಸುತ್ತಿತ್ತು. ಆಮೇಲೆ ಅರ್ಥವಾಯಿತು. ಭಾಗಿಸುವ ಕಡೆ ಗುಣಿಸಿದ್ದರೆ ಕೆಜಿ ಕೆಳಗೆ ಉಳಿದುಕೊಂಡು ತಾನೇ ತಪ್ಪು ತೋರಿಸಿಕೊಡುತ್ತದೆ. ಔಷಧದ ಡೋಸ್ ವಿಷಯದಲ್ಲಿ ಆ ತಪ್ಪು ಒಬ್ಬರ ಪ್ರಾಣ. ಕ್ಲಾಸ್ ಶುರುವಾಗುವ ಮುಂಚೆ ಬೇರೇನೂ ಓದದಿದ್ದರೂ ಇದೊಂದನ್ನು ಕಲಿತು ಹೋಗಿ.

ಇದೇ ಹೊತ್ತಿನಲ್ಲಿ ಊರಿನಲ್ಲಿ ನನ್ನ ತಮ್ಮ ಟ್ರಾನ್ಸ್‌ಕ್ರಿಪ್ಟ್‌ಗೆ, ಅಂದರೆ ವಿಶ್ವವಿದ್ಯಾಲಯವೇ ಕೊಡುವ ಅಂಕಗಳ ಅಧಿಕೃತ ದಾಖಲೆಗೆ, ಓಡಾಡುತ್ತಿದ್ದ. ಇಲ್ಲಿನ ಕಾಲೇಜುಗಳು ನಮ್ಮ ಮಾರ್ಕ್ಸ್ ಕಾರ್ಡನ್ನು ನೇರವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೌಲ್ಯಮಾಪನ ಮಾಡುವ ಸಂಸ್ಥೆಗೆ ಕಳಿಸಿ, ಇದು ಅಮೆರಿಕದ ಲೆಕ್ಕದಲ್ಲಿ ಇಷ್ಟು ಓದಿಗೆ ಸಮ ಅಂತ ವರದಿ ತರಿಸಬೇಕು. ಡಬ್ಲ್ಯುಇಎಸ್, ಇಸಿಇ ಇಂಥ ಸಂಸ್ಥೆಗಳಿವೆ. ಎನ್‌ಎಸಿಇಎಸ್ ಅನ್ನುವ ಒಕ್ಕೂಟದ ಸದಸ್ಯರಾಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಒಂದೊಂದು ವಿಷಯವನ್ನೂ ಬಿಡಿಸಿ ತೋರಿಸುವ ವರದಿಗೆ ನನಗೆ ಇನ್ನೂರು ಡಾಲರ್ ಆಸುಪಾಸು ಆಯಿತು. ವಿಶ್ವವಿದ್ಯಾಲಯದ ಫೀಸು, ಕೊರಿಯರ್ ಬೇರೆ.

ತಮ್ಮ ಒಂದು ಸಂಜೆ ಫೋನ್ ಮಾಡಿ, "ಅಕ್ಕಾ, ನೀನು ಮೂರನೇ ಸೆಮ್ ಮಾರ್ಕ್ಸ್ ಕಾರ್ಡ್ ಎಲ್ಲಿಟ್ಟಿದೀಯೆ? ಅಷ್ಟೂ ಸೆಮ್‌ದು ಜೆರಾಕ್ಸ್ ಬೇಕಂತೆ" ಅಂದ. ಅಮ್ಮ ಬೀರುವಿನ ತಳದಿಂದ, ಮದುವೆ ಸೀರೆಯ ಕವರಿನೊಳಗಿಂದ ಅದನ್ನು ಹುಡುಕಿ ತೆಗೆದರು. ಚಲನ್ ಕಟ್ಟಿ, ಅರ್ಜಿ ಕೊಟ್ಟು, ಸಹಿಗೆ ಕಾದು, ಕೊನೆಗೆ ಸೀಲ್ ಮಾಡಿದ ಕವರ್ ಹೊರಟಿತು. ಕವರ್ ಒಡೆದಿರಬಾರದು, ಅಂಟಿಸಿದ ಕಡೆ ವಿಶ್ವವಿದ್ಯಾಲಯದ ಮೊಹರು ಇರಬೇಕು. ಬೇಸಿಗೆಯಲ್ಲಿ ಶುರುವಾದ ಕೆಲಸ ದೀಪಾವಳಿ ಕಳೆದರೂ ಮುಗಿದಿರಲಿಲ್ಲ.

ನಿಮಗೆ ಒಂದು ಸಲಹೆ. ಅರ್ಜಿ ಹಾಕುವುದಕ್ಕೆ ಇದು ಬೇಕಾಗಿಲ್ಲ. ಊರಿನ ಒಂದು ಕಾಗದವೂ ಇಲ್ಲದೆ ಅಡ್ಮಿಷನ್ ಆಗುತ್ತದೆ. ಮೊದಲು ಕೌನ್ಸೆಲರ್ ಹತ್ತಿರ, "ನನ್ನ ಡಿಗ್ರಿಯಿಂದ ಈ ಕೋರ್ಸಿಗೆ ಏನಾದರೂ ಉಪಯೋಗ ಇದೆಯಾ, ಯಾವ ಸಂಸ್ಥೆಯ ವರದಿ ಒಪ್ಪುತ್ತೀರಿ" ಅಂತ ಕೇಳಿ. ಆಮೇಲೆ ದುಡ್ಡು ಕಟ್ಟಿ. ಆದರೆ ಊರಿನಲ್ಲಿ ಟ್ರಾನ್ಸ್‌ಕ್ರಿಪ್ಟ್ ಅರ್ಜಿ ಮಾತ್ರ ಬೇಗ ಹಾಕಿಸಿ. ಊರಿಗೆ ಹೋಗಿದ್ದಾಗ ನೀವೇ ಮಾಡಿಸಿಕೊಂಡು ಬಂದರೆ ಇನ್ನೂ ಒಳ್ಳೆಯದು.

ಅಕ್ಟೋಬರ್ ದಾಟಿದ ಕೂಡಲೇ ಅರ್ಜಿ ತುಂಬಲು ಕೂತೆ. 116 ಕಾಲೇಜಿಗೂ ಅರ್ಜಿ ಒಂದೇ, ಸಿಸಿಸಿ ಅಪ್ಲೈ ಅನ್ನುವ ತಾಣದಲ್ಲಿ. ಶುಲ್ಕ ಇಲ್ಲ. ಮೊದಲು ಓಪನ್ ಸಿಸಿಸಿ ಖಾತೆ ಮಾಡಿಕೊಳ್ಳಬೇಕು. ಕೆಲಸ, ತೆರಿಗೆಗೆ ಅಂತ ಇಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲ ಅಂತ ಗುರುತು ಹಾಕುವ ಜಾಗ ಇದೆ, ಹೆದರಬೇಡಿ. ವೀಸಾ ಯಾವುದು, ಎಂದು ಬಂದದ್ದು, ಕ್ಯಾಲಿಫೋರ್ನಿಯಾದಲ್ಲಿ ಎಂದಿನಿಂದ ವಾಸ, ತಂದೆ ತಾಯಿ ಎಷ್ಟು ಓದಿದ್ದಾರೆ, ಮುಂದೆ ಏನು ಓದುವ ಗುರಿ, ಇವೆಲ್ಲ ಕೇಳುತ್ತಾರೆ. ಮನೆಯಲ್ಲಿ ಮೊದಲು ಕಾಲೇಜಿಗೆ ಹೋದವರಿಗೆ ಕೆಲವು ಸಹಾಯ ಯೋಜನೆಗಳಿರುತ್ತವೆ, ಅದಕ್ಕೇ ತಂದೆ ತಾಯಿ ಓದಿನ ಪ್ರಶ್ನೆ.

ನನಗೆ ಕಷ್ಟವಾಗಿದ್ದು ನನ್ನ ಹೆಸರು. ನಮ್ಮ ಮನೆಗಳಲ್ಲಿ ಸರ್‌ನೇಮ್ ಅಂತ ಇಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿಗೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗಾಗಿ ವೀಸಾದಲ್ಲಿ ನನ್ನ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಮೂರು ಅಕ್ಷರ ಬಂದಿದೆ. ಹೆಸರು ಗೊತ್ತಿಲ್ಲ ಅನ್ನುವುದಕ್ಕೆ ಅವರು ಹಾಕುವ ಗುರುತು ಅದು. ಮೌಲ್ಯಮಾಪನ ಸಂಸ್ಥೆ ಎರಡೂ ಒಬ್ಬರೇನಾ ಅಂತ ಕೇಳಿತು. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಕಳಿಸಿದೆ. ಕಾಲೇಜಿನ ಅರ್ಜಿಯಲ್ಲಿ ವೀಸಾದಲ್ಲಿ ಇದ್ದ ಹಾಗೇ ತುಂಬಿದೆ. ಕರೆಯಬೇಕಾದ ಹೆಸರು ಅಂತ ಇನ್ನೊಂದು ಜಾಗ ಇದೆ, ಅಲ್ಲಿ ನನ್ನ ಹೆಸರು ಹಾಕಿದೆ. ಅದನ್ನು ಖಾಲಿ ಬಿಡಬೇಡಿ. ಇಲ್ಲದಿದ್ದರೆ ಹಾಜರಿ ಪಟ್ಟಿಯಲ್ಲೂ ಆ ಮೂರು ಅಕ್ಷರವೇ ಬರುತ್ತದೆ.

ಎರಡು ದಿನದಲ್ಲಿ ಅಡ್ಮಿಷನ್ ಪತ್ರ ಬರುತ್ತದೆ ಅಂತ ಎಲ್ಲರೂ ಹೇಳಿದ್ದರು. ನನಗೆ ಬಂದಿದ್ದು, ನಿಮ್ಮ ಗುರುತು ಖಚಿತಪಡಿಸಿ ಅನ್ನುವ ಮೇಲ್. ಅದೂ ಸ್ಪ್ಯಾಮ್ ಫೋಲ್ಡರ್‌ನಲ್ಲಿ. ಕೆಲವು ವರ್ಷಗಳಿಂದ ಈ ಕಾಲೇಜುಗಳಿಗೆ ನಕಲಿ ಅರ್ಜಿಗಳ ಕಾಟ ಜಾಸ್ತಿ. ವಿದ್ಯಾರ್ಥಿ ಸಹಾಯಧನ ಹೊಡೆಯಲು ವಂಚಕರು ಕಂಪ್ಯೂಟರ್‌ನಿಂದಲೇ ಸಾವಿರಾರು ಅರ್ಜಿ ಹಾಕಿಸುತ್ತಾರೆ. ಅದನ್ನು ತಡೆಯಲು ಇಟ್ಟ ಜರಡಿಯಲ್ಲಿ ನಮ್ಮಂಥವರೂ ಸಿಕ್ಕಿಕೊಳ್ಳುತ್ತೇವೆ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲ, ಇಲ್ಲಿನ ಹೈಸ್ಕೂಲ್ ಇಲ್ಲ, ಹೆಸರು ಬೇರೆ ಹೀಗೆ. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಹಿಡಿದುಕೊಂಡು ಕಾಲೇಜಿನ ಅಡ್ಮಿಷನ್ ಆಫೀಸಿಗೇ ಹೋದೆ. ಕೌಂಟರ್‌ನಲ್ಲಿದ್ದ ಹುಡುಗಿ ಎರಡನ್ನೂ ನೋಡಿ, ಸ್ಕ್ರೀನ್ ನೋಡಿ, "ವೆಲ್‌ಕಮ್" ಅಂದಳು. ಆನ್‌ಲೈನ್‌ನಲ್ಲಿ ಕಾಯುವುದಕ್ಕಿಂತ ಎದುರಿಗೆ ಹೋಗಿ ನಿಲ್ಲುವುದು ವಾಸಿ.

ಆದರೆ ನನ್ನ ಖಾತೆಯಲ್ಲಿ ಇನ್ನೂ "ನಿವಾಸಿ ಅಲ್ಲ" ಅಂತಲೇ ಇತ್ತು. ರೆಸಿಡೆನ್ಸಿ ಪತ್ರಗಳನ್ನು ಕೊಡಿ ಅಂದರು. ಪಟ್ಟಿ ನೋಡಿದೆ. ಮನೆ ಬಾಡಿಗೆ ಕರಾರು, ಕರೆಂಟ್ ಬಿಲ್, ಗಾಡಿ ರಿಜಿಸ್ಟ್ರೇಷನ್, ಬ್ಯಾಂಕ್ ಸ್ಟೇಟ್‌ಮೆಂಟ್, ರಾಜ್ಯದ ಟ್ಯಾಕ್ಸ್ ರಿಟರ್ನ್, ಡ್ರೈವಿಂಗ್ ಲೈಸೆನ್ಸ್. ಎಲ್ಲವೂ ವಿದ್ಯಾರ್ಥಿಯ ಹೆಸರಿನಲ್ಲಿ, ಎಲ್ಲದರ ಮೇಲೂ ವರ್ಷದ ಹಿಂದಿನ ತಾರೀಕು.

ಡೈನಿಂಗ್ ಟೇಬಲ್ ಮೇಲೆ ಫೈಲ್ ಹರಡಿಕೊಂಡು ಒಂದೊಂದೇ ನೋಡಿದೆ. ಬಾಡಿಗೆ ಕರಾರು ನಮ್ಮ ಮನೆಯವರ ಹೆಸರಲ್ಲಿ. ನಾನು "ಜೊತೆಗಿರುವವರು" ಅನ್ನುವ ಕಡೆ. ಕರೆಂಟ್, ನೀರು, ಇಂಟರ್ನೆಟ್, ಕಾರು, ಫೋನು ಎಲ್ಲ ಅವರದೇ. ಇಡೀ ಮನೆ ನಡೆಸುವವಳು ನಾನು, ಆದರೆ ಈ ದೇಶದಲ್ಲಿ ನನ್ನ ಹೆಸರಿಗೆ ಒಂದು ಕರೆಂಟ್ ಬಿಲ್ಲೂ ಇಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರದ್ದೇನೂ ತಪ್ಪಿಲ್ಲ, ಬಂದ ಹೊಸದರಲ್ಲಿ ಯಾರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇದೆಯೋ ಅವರ ಹೆಸರಿಗೇ ಎಲ್ಲ ಮಾಡಿಸಿಬಿಡುತ್ತೇವೆ, ಅಲ್ವಾ? ಎಚ್-4ನವರ ಮನೆ ಮನೆಯಲ್ಲೂ ಇದೇ ಕಥೆ.

ಕೊನೆಗೆ ಕೆಲಸಕ್ಕೆ ಬಂದದ್ದು ಮೂರು ಕಾಗದ. ಬಂದ ತಿಂಗಳಲ್ಲೇ ಮಾಡಿಸಿದ್ದ ನನ್ನ ಕ್ಯಾಲಿಫೋರ್ನಿಯಾ ಡ್ರೈವಿಂಗ್ ಲೈಸೆನ್ಸ್. ನನ್ನ ಐಟಿಐಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರಿಗೆ ಕೊಡುವ ತೆರಿಗೆ ನಂಬರ್) ಹಾಕಿ ಇಬ್ಬರೂ ಸೇರಿ ಸಲ್ಲಿಸಿದ ರಾಜ್ಯದ ಟ್ಯಾಕ್ಸ್ ರಿಟರ್ನ್. ಜಂಟಿ ಬ್ಯಾಂಕ್ ಖಾತೆಯ ಹಳೆಯ ಸ್ಟೇಟ್‌ಮೆಂಟ್, ಅದರಲ್ಲಿ ಫ್ರೀಮಾಂಟ್ ವಿಳಾಸ ಇತ್ತು. ಜೊತೆಗೆ ಮದುವೆ ಸರ್ಟಿಫಿಕೇಟ್, ಈ ದೇಶದೊಳಗೆ ಬಂದದ್ದಕ್ಕೆ ದಾಖಲೆಯಾದ ಐ-94, ಎಚ್-4 ಅಪ್ರೂವಲ್ ನೋಟಿಸ್ ಇಟ್ಟೆ. ಅಪ್‌ಲೋಡ್ ಮಾಡಿ ಕಾದೆ. ಮತ್ತೆ ಫೋನ್, ಮತ್ತೆ ಕಾಯುವುದು. ಒಂದು ಬೆಳಿಗ್ಗೆ ತೆಗೆದು ನೋಡಿದರೆ "ನಿವಾಸಿ" ಅಂತ ಬದಲಾಗಿತ್ತು.

ನಿಮ್ಮ ಕೈ ಹಿಡಿದು ಹೇಳುವುದು ಇಷ್ಟೇ. ಓದುವ ಯೋಚನೆ ಇರಲಿ, ಇಲ್ಲದಿರಲಿ, ಈ ರಾಜ್ಯಕ್ಕೆ ಬಂದ ತಕ್ಷಣ ನಿಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿ. ಬಾಡಿಗೆ ಕರಾರಿಗೆ ನೀವೂ ಸಹಿ ಹಾಕಿ. ಬ್ಯಾಂಕ್ ಖಾತೆಗೆ ನಿಮ್ಮ ಹೆಸರು ಸೇರಿಸಿ. ಒಂದು ಬಿಲ್ ಆದರೂ ನಿಮ್ಮ ಹೆಸರಿಗೆ ಬರಲಿ. ಇವೆಲ್ಲ ಮಾಡಿದ ದಿನದಿಂದ ಲೆಕ್ಕ, ಹಿಂದಿನ ತಾರೀಕು ಆಮೇಲೆ ಎಲ್ಲೂ ಸಿಗುವುದಿಲ್ಲ.

ಇನ್ನು ಕ್ಲಾಸಿಗೆ ಹೆಸರು ನೋಂದಾಯಿಸುವುದು. ಅಡ್ಮಿಷನ್ ಬೇರೆ, ಕ್ಲಾಸಿನಲ್ಲಿ ಜಾಗ ಸಿಗುವುದು ಬೇರೆ. ಹಳೆಯ ವಿದ್ಯಾರ್ಥಿಗಳಿಗೆ ಮೊದಲು, ಹೊಸಬರಿಗೆ ಕೊನೆಗೆ. ನನಗೆ ಕೊಟ್ಟ ದಿನ ಬೆಳಿಗ್ಗೆ ಸಮಯಕ್ಕೆ ಸರಿಯಾಗಿ ಕೂತೆ. ಇಂಗ್ಲಿಷ್ ಸಿಕ್ಕಿತು. ಮುಂಚೆ ಇಲ್ಲಿ ಸೇರಿದ ಮೇಲೆ ಯಾವ ಮಟ್ಟದ ಕ್ಲಾಸಿಗೆ ಕೂರಿಸಬೇಕು ಅಂತ ನೋಡುವ ಪರೀಕ್ಷೆಯೊಂದನ್ನು ಬರೆದು, ಕಡಿಮೆ ಅಂಕ ಬಂದರೆ ಕೆಳಗಿನ ಕ್ಲಾಸುಗಳಿಂದ ಶುರು ಮಾಡಬೇಕಿತ್ತು. ಡಿಗ್ರಿಗೆ ಲೆಕ್ಕಕ್ಕೇ ಬರದ ಆ ಕ್ಲಾಸುಗಳಲ್ಲಿ ಎಷ್ಟೋ ಜನ ಓದು ಬಿಡುತ್ತಿದ್ದರು. 2017ರಲ್ಲಿ ಎಬಿ 705 ಅನ್ನುವ ಕಾನೂನು ಬಂದು ಅದೆಲ್ಲ ಹೋಯಿತು. ಈಗ ಇಲ್ಲಿನ ಹೈಸ್ಕೂಲ್ ಅಂಕ ನೋಡಿ ಕೂರಿಸುತ್ತಾರೆ. ನಮ್ಮಂಥವರಿಗೆ ಒಂದು ಪ್ರಶ್ನಾವಳಿ ಕೊಟ್ಟು ನಮ್ಮನ್ನೇ ಕೇಳುತ್ತಾರೆ. ನಾನು ನೇರವಾಗಿ ಮುಖ್ಯ ಇಂಗ್ಲಿಷ್ ಕ್ಲಾಸನ್ನೇ ಆರಿಸಿಕೊಂಡೆ. ಇಲ್ಲಿ ಒಂದು ಗೊಂದಲ ಇದೆ. ಮುಂಚೆ ಓದಿದವರು "ಇಂಗ್ಲಿಷ್ 1ಎ ತಗೋ" ಅನ್ನುತ್ತಾರೆ. 2025ರ ಫಾಲ್‌ನಿಂದ, ಅಂದರೆ ಆಗಸ್ಟ್‌ನಲ್ಲಿ ಶುರುವಾಗುವ ಸೆಮಿಸ್ಟರ್‌ನಿಂದ, ಎಲ್ಲ ಕಾಲೇಜಿಗೂ ಒಂದೇ ನಂಬರ್ ಬಂದಿದೆ. ಆ ಕ್ಲಾಸ್ ಈಗ ಇಂಗ್ಲಿಷ್ ಸಿ1000, ಸ್ಟಾಟಿಸ್ಟಿಕ್ಸ್ ಅಂದರೆ ಸ್ಟಾಟ್ ಸಿ1000. ಹಳೆಯ ನಂಬರ್ ಹುಡುಕಿ ಸಿಗಲಿಲ್ಲ ಅಂತ ಗಾಬರಿಯಾಗಬೇಡಿ.

ಕೆಮಿಸ್ಟ್ರಿ ಒತ್ತಿದರೆ ಕೆಂಪು ಅಕ್ಷರದಲ್ಲಿ ತಡೆ ಬಂತು. ಆಲ್ಜೀಬ್ರಾ ಓದಿದ್ದಕ್ಕೆ ದಾಖಲೆ ಇಲ್ಲ. ಮೌಲ್ಯಮಾಪನದ ವರದಿ ಇನ್ನೂ ಬಂದಿರಲಿಲ್ಲ. ಕ್ಲಾಸಿನ ಜಾಗ ಕಣ್ಣೆದುರಿಗೇ ಕಡಿಮೆಯಾಗುತ್ತಿತ್ತು. ಆಗ ಕೌನ್ಸೆಲರ್ ಹೇಳಿಕೊಟ್ಟದ್ದು ಚಾಲೆಂಜ್ ಅರ್ಜಿ. ಈ ಕ್ಲಾಸಿಗೆ ಬೇಕಾದ ಜ್ಞಾನ ನನಗಿದೆ ಅಂತ ಆಧಾರ ಸಮೇತ ಬರೆದುಕೊಟ್ಟರೆ ಕಾಲೇಜು ಐದು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು, ಅದು ರಾಜ್ಯದ ನಿಯಮ. ಎಸ್ಸೆಸ್ಸೆಲ್ಸಿ ಗಣಿತದ ಅಂಕ, ಬಿ.ಕಾಂನ ಬಿಸಿನೆಸ್ ಮ್ಯಾಥ್ಸ್ ಅಂಕ ಜೋಡಿಸಿದೆ. ಅವರು ವಿಭಾಗದ ಒಂದು ಪರೀಕ್ಷೆಯನ್ನೂ ಬರೆಯಿರಿ ಅಂದರು. ಸಮೀಕರಣ, ಘಾತಾಂಕ, ಶೇಕಡಾವಾರು, ಮತ್ತೆ ಅದೇ ಅಳತೆ ಬದಲಾಯಿಸುವ ಲೆಕ್ಕ. ಲೈಬ್ರರಿಯಲ್ಲಿ ಕೂತು ಬರೆದ ಗೆರೆಗಳೆಲ್ಲ ಅಲ್ಲಿ ಕೈ ಹಿಡಿದವು. ಪಾಸಾದೆ. ಅಷ್ಟರಲ್ಲಿ ಕ್ಲಾಸ್ ತುಂಬಿತ್ತು, ವೇಟ್‌ಲಿಸ್ಟ್‌ನಲ್ಲಿ ಸೇರಿಸಿದರು.

ವೇಟ್‌ಲಿಸ್ಟ್‌ನಲ್ಲಿ ಇರುವವರು ಮೊದಲ ದಿನ ತಪ್ಪದೆ ಕ್ಲಾಸಿಗೆ ಹೋಗಿ. ಬಾರದವರ ಹೆಸರನ್ನು ಅವತ್ತೇ ತೆಗೆದು ಕಾಯುತ್ತಿರುವವರಿಗೆ ಕೊಡುತ್ತಾರೆ. ನಾನು ಜನವರಿಯ ಚಳಿಯಲ್ಲಿ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದೆ. ಸುತ್ತ ಎಲ್ಲ ಹದಿನೆಂಟು, ಇಪ್ಪತ್ತರ ಮಕ್ಕಳು. ಪ್ರೊಫೆಸರ್ ಹಾಜರಿ ಮುಗಿಸಿ, ಪಟ್ಟಿ ನೋಡಿ, ನನ್ನ ಹೆಸರನ್ನು ನಿಧಾನವಾಗಿ, ಸರಿಯಾಗಿ ಓದಿದರು. ಕ್ಲಾಸಿಗೆ ಸೇರಿಕೊಳ್ಳಲು ಬೇಕಾದ ಆ್ಯಡ್ ಕೋಡ್ ಬರೆದ ಚೀಟಿ ಕೊಟ್ಟರು. ಕೂತೆ.

ಓದಿನ ವಿಷಯ ಹೇಳುವುದಾದರೆ, ಇಂಗ್ಲಿಷ್ ನಾನು ಅಂದುಕೊಂಡಿದ್ದಕ್ಕಿಂತ ಕಷ್ಟ, ಕೆಮಿಸ್ಟ್ರಿ ಅಂದುಕೊಂಡಿದ್ದಕ್ಕಿಂತ ಸುಲಭ. ಇಂಗ್ಲಿಷ್‌ನಲ್ಲಿ ಒಂದೇ ಪ್ರಬಂಧವನ್ನು ಮತ್ತೆ ಮತ್ತೆ ಬರೆಸುತ್ತಾರೆ. ಬೇರೆಯವರ ಮಾತು ಎತ್ತಿಕೊಂಡರೆ ಎಲ್ಲಿಂದ ಅಂತ ಹೇಳಲೇಬೇಕು, ಇಲ್ಲದಿದ್ದರೆ ಕಳ್ಳತನಕ್ಕೆ ಸಮ. ಎಲ್ಲ ಕೆಲಸವೂ ಕ್ಯಾನ್ವಾಸ್ ಅನ್ನುವ ತಾಣದಲ್ಲಿ ಸಲ್ಲಿಸಬೇಕು. ರಾತ್ರಿ 11:59 ದಾಟಿದರೆ ಅವಕಾಶ ಮುಗಿದ ಹಾಗೆ. ಪ್ರೊಫೆಸರ್‌ಗಳ ಆಫೀಸ್ ಅವರ್‌ಗೆ ಹೋಗಲು ಮೊದಲು ಸಂಕೋಚ. ಮೇಷ್ಟ್ರ ರೂಮಿಗೆ ಸುಮ್ನೆ ಹೋಗಿ ಪ್ರಶ್ನೆ ಕೇಳುವ ರೂಢಿ ನಮಗಿಲ್ಲ. ಇಲ್ಲಿ ಹೋಗದಿದ್ದರೆ ಅವರಿಗೇ ಬೇಜಾರು. ಟ್ಯೂಟರಿಂಗ್ ಸೆಂಟರ್ ಕೂಡ ಪುಕ್ಕಟೆ, ನಾನು ವಾರವಾರ ಹೋಗುತ್ತಿದ್ದೆ.

ಲ್ಯಾಬ್‌ನಲ್ಲಿ ಆಮ್ಲ ಪ್ರತ್ಯಾಮ್ಲದ ಟೈಟ್ರೇಷನ್ ಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಬ್ಯುರೆಟ್ಟಿನ ತಿರುಪು ಎಡಗೈಯಲ್ಲಿ, ಫ್ಲಾಸ್ಕ್ ಬಲಗೈಯಲ್ಲಿ. ಕೊನೆ ಕೊನೆಗೆ ಒಂದೊಂದೇ ಹನಿ. ಹನಿ ಬಿದ್ದ ಕಡೆ ಗುಲಾಬಿ ಬಣ್ಣ ಬಂದು ಅಲ್ಲಾಡಿಸಿದರೆ ಮಾಯ. ಇನ್ನೊಂದು ಹನಿ. ಅರ್ಧ ನಿಮಿಷವಾದರೂ ಹೋಗದೆ ನಿಂತ ತೆಳು ಗುಲಾಬಿ ಬಂದಾಗ ಪಕ್ಕದ ಹುಡುಗ, "ಹೌ ಡಿಡ್ ಯು ಗೆಟ್ ಇಟ್ ಸೋ ಲೈಟ್?" ಅಂತ ಕೇಳಿದ. ಅವನದ್ದು ಕಡು ಬಣ್ಣಕ್ಕೆ ತಿರುಗಿ ಮತ್ತೆ ಮೊದಲಿಂದ ಮಾಡಬೇಕಾಗಿತ್ತು. ಅವತ್ತು ಮನೆಗೆ ಬಂದು ಮಗಳಿಗೆ ಅದನ್ನೇ ಹೇಳಿದ್ದು ಹೇಳಿದ್ದು.

ಖರ್ಚು: ಫೀಸು 368 ಡಾಲರ್. ಅದರ ಮೇಲೆ ಹೆಲ್ತ್ ಫೀ, ಪಾರ್ಕಿಂಗ್. ಲ್ಯಾಬ್‌ಗೆ ಕನ್ನಡಕ, ನೋಟ್‌ಬುಕ್. ಪುಸ್ತಕಕ್ಕೆ ಏನೂ ಇಲ್ಲ. ಕ್ಲಾಸ್ ಆರಿಸುವಾಗ "ಜೀರೋ ಟೆಕ್ಸ್ಟ್‌ಬುಕ್ ಕಾಸ್ಟ್" ಅಂತ ಗುರುತು ಇರುವುದನ್ನೇ ಹುಡುಕಿದ್ದೆ. ಎಚ್-4ನವರಿಗೆ ಕೇಂದ್ರ ಸರ್ಕಾರದ ಸಹಾಯಧನ ಸಿಗುವುದಿಲ್ಲ, ಅದಕ್ಕೆ ಹಾಕುವ ಎಫ್‌ಎಎಫ್‌ಎಸ್‌ಎ ಅನ್ನುವ ಅರ್ಜಿ ತುಂಬಿ ಸಮಯ ಹಾಳು ಮಾಡಬೇಡಿ. ಡಿ ಆಂಜಾ, ಫುಟ್‌ಹಿಲ್‌ನಲ್ಲಿ ಯೂನಿಟ್‌ಗೆ 31 ಡಾಲರ್ ಅಂತ ಇರುತ್ತದೆ, ಅಗ್ಗ ಅಂದುಕೊಳ್ಳಬೇಡಿ. ಅಲ್ಲಿ ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಯ ಕ್ವಾರ್ಟರ್ ಲೆಕ್ಕ. ಒಂದು ಸೆಮಿಸ್ಟರ್ ಯೂನಿಟ್ ಅಂದರೆ ಒಂದೂವರೆ ಕ್ವಾರ್ಟರ್ ಯೂನಿಟ್, ಕೊನೆಗೆ ಎಲ್ಲ ಒಂದೇ.

ನರ್ಸಿಂಗ್ ಅಂತ ಹೊರಟವರಿಗೆ ಇನ್ನೊಂದು ಮಾತು. ಓದಲು ಎಚ್-4 ಸಾಕು. ನರ್ಸಿಂಗ್ ಲೈಸೆನ್ಸ್‌ಗೆ ಐಟಿಐಎನ್ ಇಟ್ಟುಕೊಂಡೂ ಅರ್ಜಿ ಹಾಕಬಹುದು. ಆದರೆ ಕೆಲಸ ಮಾಡಲು ವರ್ಕ್ ಪರ್ಮಿಟ್ ಬೇಕೇ ಬೇಕು. ಅದು ಗಂಡನ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿದ್ದರೆ ಸಿಗುತ್ತದೆ. ನನ್ನ ಅರ್ಜಿ ಇನ್ನೂ ಬಾಕಿ ಇದೆ. ಅದು ಬರಲಿ ಅಂತ ಓದನ್ನು ನಿಲ್ಲಿಸಿಕೊಂಡು ಕೂರುವುದು ನನಗೆ ಬೇಕಿರಲಿಲ್ಲ.

ಮೌಲ್ಯಮಾಪನದ ವರದಿ ಮಾರ್ಚ್‌ನಲ್ಲಿ ಬಂತು. ಕಾಲೇಜಿಗೆ ಕೊಟ್ಟಿದ್ದೇನೆ, ಬಿ.ಕಾಂನ ಕೆಲವು ವಿಷಯಗಳು ಇಲ್ಲಿನ ಲೆಕ್ಕಕ್ಕೆ ಬರಬಹುದು ಅಂತ ಕೌನ್ಸೆಲರ್ ಹೇಳಿದ್ದಾರೆ. ಫಾಲ್‌ಗೆ ಅನಾಟಮಿ ಮತ್ತು ಸ್ಟಾಟಿಸ್ಟಿಕ್ಸ್. ಈ ಸಲ ನಾನು ಹಳೆಯ ವಿದ್ಯಾರ್ಥಿ, ನೋಂದಣಿಯ ದಿನ ಮುಂಚೆ ಸಿಕ್ಕಿತು, ಎರಡರಲ್ಲೂ ಜಾಗ ಸಿಕ್ಕಿದೆ. ನೀವು ಆಗಸ್ಟ್‌ಗೆ ಸೇರಬೇಕು ಅಂದುಕೊಂಡಿದ್ದರೆ ಅರ್ಜಿ ಈಗ ತೆರೆದಿದೆ. ಅನಾಟಮಿ, ಕೆಮಿಸ್ಟ್ರಿಯಂಥ ಲ್ಯಾಬ್ ಕ್ಲಾಸುಗಳು ಬೇಗ ತುಂಬುತ್ತವೆ. ಅದಕ್ಕೇ ಗುರುತಿನ ಪರಿಶೀಲನೆ, ರೆಸಿಡೆನ್ಸಿ ಕಾಗದ ಎರಡನ್ನೂ ಈ ತಿಂಗಳೇ ಮುಗಿಸಿಕೊಳ್ಳಿ.